ಆರಾಧನೆ ನಡೆಸುವ ಅಪ್ಪಂದಿರೇ, ಭಾನುವಾರ ನಿಮ್ಮ ಮಕ್ಕಳನ್ನು ನೋಡಿಕೊಳ್ಳುವವರು ಯಾರು?

ಆರುತಂತಿ:
ಎಲ್ಲರಿಗೂ ವಂದನೆಗಳು. ನಮ್ಮ ಚರ್ಚಿನ ಸಭೆಯಲ್ಲಿ ಆರಾಧನೆ ನಡೆಸುವವನು ನಾನೇ. ಗಿಟಾರ್ ನುಡಿಸುವುದು, ಹಾಡು ಆರಿಸುವುದು, ಯಾವ ಶ್ರುತಿಯಲ್ಲಿ ಹಾಡಬೇಕೆಂದು ತೀರ್ಮಾನಿಸಿ ಎಲ್ಲರಿಗೂ ಹಾಳೆ ಕಳುಹಿಸುವುದು ಎಲ್ಲವೂ ನನ್ನ ಪಾಲಿಗೆ ಬಂದಿದೆ. ಶನಿವಾರ ಸಂಜೆ ಅಭ್ಯಾಸ. ಭಾನುವಾರ ಜನ ಬರುವುದಕ್ಕೆ ಬಹಳ ಮೊದಲೇ ಹೋಗಿ ಮೈಕ್, ಸ್ಪೀಕರ್ ಜೋಡಿಸಿ ಧ್ವನಿ ಪರೀಕ್ಷೆ. ಆಮೇಲೆ ಎರಡು ಆರಾಧನೆ. ಕೊನೆಗೆ ಎಲ್ಲವನ್ನೂ ಕಟ್ಟಿಡುವುದು.

ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಮೂರು. ಇಬ್ಬರನ್ನೂ ಎಬ್ಬಿಸಿ, ಸಿದ್ಧಪಡಿಸಿ, ಕರೆತಂದು, ಎರಡು ಗಂಟೆ ಕಾಲ ಸುಮ್ಮನೆ ಕೂರಿಸುವ ಕೆಲಸ ಹೆಂಡತಿಯದು. ಮೊನ್ನೆ ಅವಳು ಹೇಳಿದಳು: "ನೀವು ನಡೆಸುವ ಆರಾಧನೆಯಲ್ಲಿ ನಾನು ಒಂದು ಹಾಡನ್ನೂ ಪೂರ್ತಿ ಹಾಡಿಲ್ಲ." ಜಗಳಕ್ಕೆ ಹೇಳಿದ ಮಾತಲ್ಲ. ಒಂದು ವರ್ಷ ಬಿಟ್ಟು ನೋಡಿ ಎನ್ನುತ್ತಾಳೆ. ಪಾಸ್ಟರ್ ಅವರನ್ನು ಕೇಳಿದರೆ, "ನಿಮ್ಮನ್ನು ಬಿಟ್ಟರೆ ಬೇರೆ ಯಾರಿದ್ದಾರೆ?" ಎನ್ನುತ್ತಾರೆ. ನೀವು ಏನು ಮಾಡಿದಿರಿ? ಬಿಟ್ಟಿರಾ, ಕಡಿಮೆ ಮಾಡಿದಿರಾ, ಮಕ್ಕಳನ್ನೇ ತಂಡಕ್ಕೆ ಸೇರಿಸಿಕೊಂಡಿರಾ?

ಹಿಂದಿನಸಾಲು:
ಬಿಡಿ. ನೀವು ಒಂದು ವರ್ಷ ಹಾಡದಿದ್ದರೆ ಸಭೆ ಮುಚ್ಚಿಹೋಗುವುದಿಲ್ಲ.

ಕಹಳೆ:
ಇಷ್ಟು ಸುಲಭವಾಗಿ "ಬಿಡಿ" ಎನ್ನುವುದು ಸರಿಯಲ್ಲ. ಮಗನನ್ನಾಗಲಿ ಮಗಳನ್ನಾಗಲಿ ನನಗಿಂತ ಹೆಚ್ಚಾಗಿ ಪ್ರೀತಿಸುವವನು ನನಗೆ ಯೋಗ್ಯನಲ್ಲ ಎಂದು ಯೇಸು ಹೇಳಿದ್ದು ಮತ್ತಾಯ 10:37ರಲ್ಲಿದೆ. ಸೇವೆಗೆ ಬೆಲೆ ತೆರಬೇಕಾಗುತ್ತದೆ. ಬೆಲೆ ಇಲ್ಲದ ಸೇವೆಯನ್ನು ಹುಡುಕುವವರೇ ಈಗ ಹೆಚ್ಚು.

ಮೆಲುದನಿ:
ಕಹಳೆ ಬ್ರದರ್, ಇಲ್ಲಿ ಬೆಲೆ ತೆರುತ್ತಿರುವುದು ಅವರಲ್ಲ, ಅವರ ಹೆಂಡತಿ. ನನ್ನ ಗಂಡ ಕೀಬೋರ್ಡ್ ನುಡಿಸುತ್ತಾರೆ, ಆದ್ದರಿಂದ ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಆರಾಧನೆ ಮುಗಿದ ಮೇಲೆ ಜನ ಅವರ ಕೈ ಕುಲುಕಿ, "ಇಂದು ದೇವರ ಪ್ರಸನ್ನತೆ ಎಷ್ಟು ಬಲವಾಗಿತ್ತು" ಎನ್ನುತ್ತಾರೆ. ಆ ಹೊತ್ತಿನಲ್ಲಿ ನಾನು ಹೊರಗೆ, ಅಳುವ ಮಗುವಿನ ಹಿಂದೆ ಇರುತ್ತೇನೆ.

ನೀವು ವಾಕ್ಯ ತೆಗೆದಿರಿ, ನಾನೂ ತೆಗೆಯುತ್ತೇನೆ. ಮಾರ್ಕ 7ರಲ್ಲಿ ಯೇಸು ಯಾರನ್ನು ಬೈದದ್ದು? ತಂದೆತಾಯಿಗೆ ಸಲ್ಲಬೇಕಾದ ನೆರವನ್ನು "ಇದು ದೇವರಿಗೆ ಮುಡಿಪು" ಎಂದು ಹೇಳಿ ತಪ್ಪಿಸಿಕೊಂಡವರನ್ನು. ಮನೆಗೆ ಸಲ್ಲಬೇಕಾದ ಸಮಯವನ್ನೂ ಹಾಗೆ ಮುಡಿಪು ಎಂದು ಬರೆದಿಡಬಹುದು. ನೋಡುವವರಿಗೆ ಅದು ಭಕ್ತಿಯಾಗಿಯೇ ಕಾಣುತ್ತದೆ.

ಕಹಳೆ:
ಅದು ತಂದೆತಾಯಿಯ ವಿಷಯ, ಮಕ್ಕಳದ್ದಲ್ಲ.

ಮೆಲುದನಿ:
ಹಾಗಾದರೆ 1 ತಿಮೊಥೆಯ 3:5 ಓದಿ. ಸ್ವಂತ ಮನೆಯನ್ನು ಆಳಲು ತಿಳಿಯದವನು ದೇವರ ಸಭೆಯನ್ನು ಹೇಗೆ ಪರಾಮರಿಸುತ್ತಾನೆ ಎಂದು ಪೌಲನೇ ಕೇಳಿದ್ದಾನೆ. ಅಲ್ಲಿ ಮಕ್ಕಳ ಮಾತೇ ಇದೆ.

ಕಹಳೆ:
ಅದು ಸಭಾಧ್ಯಕ್ಷರಿಗೆ ಹೇಳಿದ್ದು, ಗಿಟಾರ್ ನುಡಿಸುವವರಿಗಲ್ಲ.

ಹಿಂದಿನಸಾಲು:
ಅಂದರೆ ಗಿಟಾರ್ ಹಿಡಿದವರು ಮನೆ ನೋಡಿಕೊಳ್ಳಬೇಕಾಗಿಲ್ಲ! ನಾಳೆಯೇ ಒಂದು ಗಿಟಾರ್ ಕೊಳ್ಳುತ್ತೇನೆ.

ತಾಳಬಿಡದವ:
ವಾಕ್ಯಗಳ ಪಂದ್ಯ ಮುಗಿದಿದ್ದರೆ ಕೆಲಸದ ಮಾತು ಆಡೋಣ. ನಾನು ಡ್ರಮ್ಸ್ ನುಡಿಸುವವನು, ಮೂವರು ಮಕ್ಕಳ ತಂದೆ. ಆರುತಂತಿ ಬರೆದ ಪಟ್ಟಿಯಲ್ಲಿ ಹಾಡುವುದಕ್ಕೆ ಹೋಗುವ ಸಮಯ ಎಷ್ಟು, ಉಳಿದ ಕೆಲಸಕ್ಕೆ ಎಷ್ಟು? ಮೈಕ್ ಜೋಡಿಸುವುದು, ಸ್ಪೀಕರ್ ಎತ್ತುವುದು, ಎಲ್ಲ ಮುಗಿದ ಮೇಲೆ ವೈರ್ ಸುತ್ತುವುದು. ವೈರ್ ಸುತ್ತುವುದಕ್ಕೆ ಅಭಿಷೇಕ ಬೇಕಾಗಿಲ್ಲ. ಸಂಗೀತ ಬಾರದ, ಆದರೆ ಏನಾದರೂ ಮಾಡಬೇಕೆಂದು ಕಾಯುತ್ತಿರುವ ಯುವಕರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರಿಗೆ ಒಪ್ಪಿಸಿ.

ಎರಡನೆಯದು, ಶನಿವಾರದ ಅಭ್ಯಾಸ. ಆ ಸಂಜೆಯನ್ನು ಹಾಡು ಕಲಿಯುವುದಕ್ಕೆ ಬಳಸುವ ತಂಡಗಳೇ ಮಧ್ಯರಾತ್ರಿ ಮನೆಗೆ ಹೋಗುವುದು. ನಾವು ಸೋಮವಾರವೇ ಹಾಡಿನ ಪಟ್ಟಿ, ಶ್ರುತಿ, ವೇಗ ಎಲ್ಲವನ್ನೂ ಕಳುಹಿಸಿಬಿಡುತ್ತೇವೆ. ಪ್ರತಿಯೊಬ್ಬರೂ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ತಾಳದ ವೇಗ ಹಿಡಿದುಕೊಡುವ ಮೆಟ್ರೊನೋಮಿನ ಜೊತೆಗೆ ತಮ್ಮ ಪಾಲನ್ನು ಕಲಿತು ಬರಬೇಕು. ಸೇರಿದಾಗ ಆರಂಭ, ಅಂತ್ಯ ಮತ್ತು ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವ ಜಾಗ ಇಷ್ಟನ್ನೇ ನೋಡಿಕೊಳ್ಳುತ್ತೇವೆ. ಹೊಸ ಹಾಡು ತಿಂಗಳಿಗೆ ಒಂದೇ. ಜನರೂ ಅದನ್ನು ಕಲಿಯಬೇಕಲ್ಲವೇ? ಪ್ರತಿ ವಾರ ಹೊಸ ಹಾಡು ತಂದರೆ ವೇದಿಕೆಯವರು ಹಾಡುತ್ತಾರೆ, ಸಭೆ ಕೇಳುತ್ತಾ ನಿಂತಿರುತ್ತದೆ.

ಆರುತಂತಿ:
ತಾಳಬಿಡದವ ಅವರ ಮಾತು ಒಪ್ಪುತ್ತೇನೆ, ಆದರೆ ತಲೆಯೊಳಗಿನ ಸಮಯದ ಕಥೆಯೇ ಬೇರೆ. ಮಗನನ್ನು ಮಲಗಿಸುವಾಗಲೂ ನನ್ನ ಬೆರಳುಗಳು ಅವನ ಬೆನ್ನಿನ ಮೇಲೆ ಗಿಟಾರಿನ ಕಾರ್ಡ್ (ಸ್ವರಗುಚ್ಛ) ಹಿಡಿಯುತ್ತಿರುತ್ತವೆ. ಮಗಳು ಶಾಲೆಯ ವಿಷಯ ಹೇಳುತ್ತಿದ್ದರೆ ನಾನು ಎರಡನೇ ಹಾಡಿನ ಶ್ರುತಿ ಇಳಿಸಬೇಕೇ ಎಂದು ಯೋಚಿಸುತ್ತಿರುತ್ತೇನೆ. ವೈರ್ ಸುತ್ತುವುದನ್ನು ಬೇರೆಯವರಿಗೆ ಒಪ್ಪಿಸಬಹುದು, ಇದನ್ನು ಯಾರಿಗೆ ಒಪ್ಪಿಸಲಿ?

ಹಳೆಯಪೆಡಲ್:
ನಾನು ಹಳೆಯ ಕಾಲದವನು, ಕೆಥೊಲಿಕ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದೆ. ನಮ್ಮಲ್ಲಿ ವೇದಿಕೆ, ಬಣ್ಣದ ದೀಪ ಏನೂ ಇರಲಿಲ್ಲ. ಆರ್ಗನ್ ಹಿಂಭಾಗದ ಅಟ್ಟದ ಮೇಲಿತ್ತು, ಯಾರಿಗೂ ನಾನು ಕಾಣುತ್ತಿರಲಿಲ್ಲ. ಮಗಳು ಅದೇ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಪುಟ ತಿರುಗಿಸುತ್ತಿದ್ದಳು. ತಲೆ ಆಡಿಸಿದಾಗ ತಿರುಗಿಸಬೇಕು ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಒಮ್ಮೆ ಸೊಳ್ಳೆ ಓಡಿಸಲು ತಲೆ ಕೊಡವಿದೆ, ಅವಳು ಪುಟ ತಿರುಗಿಸಿಯೇಬಿಟ್ಟಳು. ಉಳಿದ ಚರಣವನ್ನು ನೆನಪಿನಿಂದ ನುಡಿಸಬೇಕಾಯಿತು.

ಸಂಗೀತ, ಸಂಸಾರ ಎರಡನ್ನೂ ಒಟ್ಟಿಗೆ ನಡೆಸಿದವರು ಬೇಕೆಂದರೆ ಜರ್ಮನಿಯ ಸಂಗೀತ ರಚನಕಾರ ಬಾಖ್ ಅವರನ್ನು ನೋಡಿ. 1723ರಲ್ಲಿ ಲೈಪ್‌ಜಿಗ್‌ಗೆ ಹೋದ ಮೇಲೆ ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಕಾಂಟಾಟಾ (ಗಾಯಕರು, ವಾದ್ಯಗಳು ಸೇರಿ ಹಾಡುವ ದೀರ್ಘ ಕೃತಿ) ಬರೆದು, ಕಲಿಸಿ, ಭಾನುವಾರ ಹಾಡಿಸಿದವರು. ಮಕ್ಕಳು ಒಟ್ಟು ಇಪ್ಪತ್ತು, ಬೆಳೆದು ದೊಡ್ಡವರಾದವರು ಹತ್ತು. ಹಿರಿಯ ಮಗನಿಗೆ ಒಂಬತ್ತು ವರ್ಷವಾಗಿದ್ದಾಗ, 1720ರಲ್ಲಿ, ಅವನಿಗೆಂದೇ ಕೈಬರಹದ ಪಾಠದ ಪುಸ್ತಕ ಆರಂಭಿಸಿದರು. 1730ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಮಕ್ಕಳೆಲ್ಲ ಹುಟ್ಟು ಸಂಗೀತಗಾರರು, ಮನೆಯವರೇ ಸೇರಿ ಒಂದು ಕಚೇರಿ ನಡೆಸಬಲ್ಲೆವು ಎಂದು ಹೆಮ್ಮೆಪಟ್ಟಿದ್ದಾರೆ.

ಮೆಲುದನಿ:
ಆರ್ಗನ್ ತಾತ, ನಿಮ್ಮ ಪುಟ ತಿರುಗಿಸುವ ಮಗಳು ನನಗೆ ಬಹಳ ಇಷ್ಟವಾದಳು. ಆದರೆ ಬಾಖ್ ಉದಾಹರಣೆ ನಿಮಗೇ ತಿರುಗಿ ಬೀಳುತ್ತದೆ. ಅವರ ಎರಡನೇ ಹೆಂಡತಿ ಆನಾ ಮಗ್ಡಲೇನಾ ಅರಮನೆಯಲ್ಲಿ ವೇತನ ಪಡೆಯುತ್ತಿದ್ದ ಗಾಯಕಿ. ಲೈಪ್‌ಜಿಗ್‌ಗೆ ಹೋದ ಮೇಲೆ ಆ ಕೆಲಸ ಹೋಯಿತು, ಚರ್ಚಿನಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಹದಿಮೂರು ಹೆರಿಗೆ, ಅದರ ನಡುವೆ ಗಂಡನ ಸ್ವರಲಿಪಿಗಳನ್ನು ನಕಲು ಮಾಡುವುದು. ಆರುತಂತಿಯವರ ಹೆಂಡತಿ "ನಾನು ಒಂದು ಹಾಡನ್ನೂ ಹಾಡಿಲ್ಲ" ಎಂದದ್ದನ್ನು ಆಕೆಯೂ ಹೇಳಬಹುದಿತ್ತು.

ಹಳೆಯಪೆಡಲ್:
ಆ ಕಡೆಯಿಂದ ಯೋಚಿಸಿರಲಿಲ್ಲ. ನಿಮ್ಮ ಮಾತಿನಲ್ಲಿ ಹುರುಳಿದೆ, ಅಮ್ಮ.

ಮೂರನೇಚರಣ:
ಬಾಖ್ ಬೇಡವೆಂದರೆ ಚಾರ್ಲ್ಸ್ ವೆಸ್ಲಿ ಇದ್ದಾರೆ. ಸಾವಿರಾರು ಸ್ತುತಿಗೀತೆ ಬರೆದವರು. 1749ರಲ್ಲಿ ಮದುವೆಯಾದರು, 1756ರ ಹೊತ್ತಿಗೆ ಊರೂರು ಸುತ್ತುವ ಸುವಾರ್ತಾ ಪ್ರಯಾಣವನ್ನು ಹೆಚ್ಚುಕಡಿಮೆ ನಿಲ್ಲಿಸಿದರು. ಅಣ್ಣ ಜಾನ್ ಕುದುರೆಯ ಮೇಲೆ ಸುತ್ತುತ್ತಲೇ ಇದ್ದರು. ಸುತ್ತಾಟ ನಿಂತರೂ ಚಾರ್ಲ್ಸ್ ಅವರ ಹಾಡು ನಿಲ್ಲಲಿಲ್ಲ. ಅವರ ಇಬ್ಬರು ಗಂಡುಮಕ್ಕಳೂ ಸಂಗೀತಗಾರರಾದರು. ಕಡಿಮೆ ಮಾಡುವುದೆಂದರೆ ಸೇವೆಗೆ ಬೆನ್ನು ತಿರುಗಿಸುವುದಲ್ಲ.

ಕಹಳೆ:
ಚರಿತ್ರೆ ಸಾಕು. ಬೈಬಲಿನಲ್ಲೇ ಉತ್ತರವಿದೆ, 1 ಪೂರ್ವಕಾಲವೃತ್ತಾಂತ 25. ದಾವೀದನ ಕಾಲದ ಗಾಯಕ ಹೇಮಾನನಿಗೆ ಹದಿನಾಲ್ಕು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು. ಅವರೆಲ್ಲರೂ ತಂದೆಯ ಕೈಕೆಳಗೆ ದೇವಾಲಯದಲ್ಲಿ ತಾಳ, ಸ್ವರಮಂಡಲ, ಕಿನ್ನರಿ ನುಡಿಸುತ್ತಿದ್ದರು. ಮಕ್ಕಳನ್ನು ತಂಡಕ್ಕೆ ಸೇರಿಸಿ, ಸಮಸ್ಯೆ ಮುಗಿಯಿತು.

ಮೂರನೇಚರಣ:
ಅದೇ ಅಧ್ಯಾಯವನ್ನು ಇನ್ನೆರಡು ವಚನ ಮುಂದೆ ಓದಿ ಬ್ರದರ್. ಗಾಯನ ಕಲಿತು ನಿಪುಣರಾದವರು 288 ಮಂದಿ. ಗುರು, ಶಿಷ್ಯ, ದೊಡ್ಡವ, ಚಿಕ್ಕವ ಎಂಬ ಭೇದವಿಲ್ಲದೆ ಚೀಟು ಹಾಕಿ ಹನ್ನೆರಡು ಹನ್ನೆರಡು ಜನರ 24 ವರ್ಗ ಮಾಡಿದರು. ಅಲ್ಲಿ ಸರದಿ ಇತ್ತು! ದಾವೀದನ ಮುಖ್ಯ ಗಾಯಕರಲ್ಲೊಬ್ಬನಾದ ಆಸಾಫನಂಥ ಆಸಾಫನೂ ತನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಎಂಬ ಸ್ಥಿತಿಯಲ್ಲಿ ಇರಲಿಲ್ಲ. ನೀವು ಮಕ್ಕಳನ್ನು ಮಾತ್ರ ತೆಗೆದುಕೊಂಡು ಸರದಿಯನ್ನು ಅಲ್ಲೇ ಬಿಟ್ಟಿರಿ.

ಇನ್ನೊಂದು ಸಂಗತಿ. ಈ ಹೇಮಾನ ಯಾರು? 6:33 ನೋಡಿ, ಯೋವೇಲನ ಮಗ, ಸಮುವೇಲನ ಮೊಮ್ಮಗ. ಸಮುವೇಲ ಇಸ್ರಾಯೇಲನ್ನೆಲ್ಲ ಸುತ್ತಿ ನ್ಯಾಯ ತೀರಿಸಿದ ಪ್ರವಾದಿ. ಆದರೆ ಅವನ ಮಗ ಯೋವೇಲ ಲಂಚ ತೆಗೆದುಕೊಂಡು ನ್ಯಾಯ ಕೆಡಿಸಿದವನು, 1 ಸಮುವೇಲ 8ರಲ್ಲಿದೆ. ಅಜ್ಜ ಊರಿಗೆಲ್ಲ ಬೇಕಾದವನು, ಮಗ ದಾರಿ ತಪ್ಪಿದ, ಮೊಮ್ಮಗ ತನ್ನ ಮಕ್ಕಳನ್ನು ಪಕ್ಕದಲ್ಲಿಟ್ಟುಕೊಂಡು ಹಾಡಿದ. ಕಾರಣ ಇದೇ ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ಆದರೂ ಅಪ್ಪಂದಿರು ಈ ಮೂರು ತಲೆಮಾರನ್ನು ಒಟ್ಟಿಗೆ ಓದುವುದು ಒಳ್ಳೆಯದು.

ಕಹಳೆ:
ಈ ವಂಶಾವಳಿ ನಾನು ಗಮನಿಸಿರಲಿಲ್ಲ. ಸರದಿಯ ಮಾತು ಒಪ್ಪುತ್ತೇನೆ. ಬಿಟ್ಟುಬಿಡಿ ಎನ್ನುವುದನ್ನು ಈಗಲೂ ಒಪ್ಪುವುದಿಲ್ಲ.

ಪಾಸ್ಟರರಮಗ:
ಮಕ್ಕಳನ್ನು ತಂಡಕ್ಕೆ ಸೇರಿಸಿ ಎನ್ನುವವರಿಗೆ ಆ ಕಡೆಯಿಂದ ಒಂದು ಮಾತು. ನನ್ನ ತಂದೆ ಪಾಸ್ಟರ್, ಆರಾಧನೆಯನ್ನೂ ಅವರೇ ನಡೆಸುತ್ತಿದ್ದರು. ಕೈಗೆ ಟ್ಯಾಂಬೊರಿನ್ ಕೊಟ್ಟು ನನ್ನನ್ನು ಮುಂದೆ ನಿಲ್ಲಿಸಿದಾಗ, ನಿನಗೆ ಇಷ್ಟವೇ ಎಂದು ಯಾರೂ ಕೇಳಲಿಲ್ಲ. ಜನರಿಗೆ ನೋಡಲು ಮುದ್ದಾಗಿತ್ತು. ಹದಿಮೂರರ ಸುಮಾರಿಗೆ ಧ್ವನಿ ಒಡೆದಾಗಲೂ ಹಾಡಿಸಿದರು. ಹಿಂದಿನ ಸಾಲಿನ ನನ್ನ ಓರಗೆಯವರು ನಕ್ಕದ್ದು ವೇದಿಕೆಯಿಂದ ಚೆನ್ನಾಗಿ ಕಾಣುತ್ತಿತ್ತು.

ಒಂದೇ ವೇದಿಕೆಯ ಮೇಲೆ ನಿಂತ ಮಾತ್ರಕ್ಕೆ ತಂದೆಯ ಜೊತೆ ಇದ್ದಂತಾಗುವುದಿಲ್ಲ. ಅಲ್ಲಿ ಅವರು ನನ್ನನ್ನು ನೋಡುತ್ತಿದ್ದದ್ದು ತಾಳ ತಪ್ಪಿದಾಗ ಮಾತ್ರ. ನಾನು ಈಗಲೂ ಹಾಡುತ್ತೇನೆ, ಅವರ ಮೇಲೆ ಕೋಪವಿಲ್ಲ. ಆದರೆ ನನ್ನ ಮಗಳಿಗೆ ವೇದಿಕೆಯ ಕೆಳಗೆ ಕುಳಿತುಕೊಳ್ಳುವ ಹಕ್ಕು ಇದೆ.

ಹಿಂದಿನಸಾಲು:
ಹಿಂದಿನ ಸಾಲಿನವರೆಲ್ಲ ನಗುವುದಿಲ್ಲ ಎಂದು ದಾಖಲಿಸಲು ಬಯಸುತ್ತೇನೆ.

ಕಿವಿಯಪರ:
ಯಾರೂ ಎತ್ತದ ವಿಷಯ ಒಂದಿದೆ. ನಾನು ಧ್ವನಿ ನಿಯಂತ್ರಣದ ಮೇಜಿನಲ್ಲಿ ಕೂರುತ್ತೇನೆ. ಧ್ವನಿ ಪರೀಕ್ಷೆಯ ಹೊತ್ತಿಗೆ ತಂಡದವರ ಮಕ್ಕಳು ಸ್ಪೀಕರ್ ಮುಂದೆಯೇ ಆಡುತ್ತಿರುತ್ತಾರೆ. ಕೆಲಸದ ಜಾಗಗಳಿಗೆ ತಜ್ಞರು ಹಾಕಿಕೊಟ್ಟ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ, 100 ಡೆಸಿಬೆಲ್‌ಗೆ 15 ನಿಮಿಷ. ಅದೂ ದೊಡ್ಡವರ ಲೆಕ್ಕ. ಚಿಕ್ಕ ಸಭಾಂಗಣದಲ್ಲಿ ಡ್ರಮ್ಸ್ ಒಂದೇ ಸಾಕು ಅಲ್ಲಿಗೆ ಮುಟ್ಟಿಸಲು. ಮೂರು ವರ್ಷದ ಮಗನನ್ನು ಅಭ್ಯಾಸಕ್ಕೆ ಕರೆತರುವುದಾದರೆ ಕಿವಿ ಮುಚ್ಚುವ ಇಯರ್‌ಮಫ್ ಹಾಕಿ. ಹಾಡು ಕೇಳುವ ಹೆಡ್‌ಫೋನ್ ಅಲ್ಲ, ಸದ್ದು ತಡೆಯುವಂಥದ್ದು.

ತಾಳಬಿಡದವ:
ಡ್ರಮ್ಸ್ ಬಗ್ಗೆ ಮಾತು ಬರದೆ ಈ ಚರ್ಚೆ ಮುಗಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗಿಟಾರಿನವರು ತಮ್ಮ ಆಂಪ್‌ನ (ಗಿಟಾರಿನ ಧ್ವನಿವರ್ಧಕದ) ಸದ್ದು ಏರಿಸುತ್ತಾ ಹೋಗುವುದರಿಂದಲೇ ನಾವು ಜೋರಾಗಿ ಹೊಡೆಯಬೇಕಾಗುತ್ತದೆ.

ಕಿವಿಯಪರ:
ಗಿಟಾರಿನವರು ನಿಮ್ಮ ಹೆಸರು ಹೇಳುತ್ತಾರೆ.

ನಿರ್ವಾಹಕ:
ಡ್ರಮ್ಸ್ ಮತ್ತು ಆಂಪ್ ಜಗಳಕ್ಕೆ ಬೇರೆ ಚರ್ಚೆ ಇದೆ, ಅದೂ ಇನ್ನೂ ಮುಗಿದಿಲ್ಲ. ದಯವಿಟ್ಟು ಮೂಲ ಪ್ರಶ್ನೆಗೆ ಬನ್ನಿ.

ಕುರಿಕಾಯುವವ:
ನಾನು ಪಾಸ್ಟರ್. "ನಿಮ್ಮನ್ನು ಬಿಟ್ಟರೆ ಬೇರೆ ಯಾರಿದ್ದಾರೆ" ಎಂಬ ಮಾತಿಗೆ ನಮ್ಮ ಕಡೆಯಿಂದ ಉತ್ತರ ಕೊಡುತ್ತೇನೆ. ಅದು ಬಹುತೇಕ ನಿಜವೇ ಇರುತ್ತದೆ, ಹೊಗಳಿಕೆಯಲ್ಲ. ಆದರೆ ಆ ಸ್ಥಿತಿ ಮಳೆಯಂತೆ ಆಕಾಶದಿಂದ ಬೀಳುವುದಿಲ್ಲ. ಚೆನ್ನಾಗಿ ಹಾಡುವ ಒಬ್ಬರು ಸಿಕ್ಕರೆ ನಾವು ನಿಶ್ಚಿಂತರಾಗುತ್ತೇವೆ. ಹತ್ತೊಂಬತ್ತರ ಹುಡುಗಿಯೊಬ್ಬಳು ನಡುಗುವ ಧ್ವನಿಯಲ್ಲಿ ಒಂದು ಹಾಡು ನಡೆಸಲಿ ಎಂದರೆ, ಆರಾಧನೆ ಹಾಳಾಗುತ್ತದೆ ಎಂದು ಹೆದರುವವರೂ ನಾವೇ. ಹಾಗಿದ್ದರೆ ಎರಡನೆಯವರು ಎಲ್ಲಿಂದ ಬರಬೇಕು?

ಅರಣ್ಯಕಾಂಡ 8ರಲ್ಲಿ ದೇವದರ್ಶನದ ಗುಡಾರದ ಸೇವೆ ಮಾಡುತ್ತಿದ್ದ ಲೇವಿಯರು ಐವತ್ತನೇ ವಯಸ್ಸಿಗೆ ಕೆಲಸದಿಂದ ಬಿಡುಗಡೆ ಹೊಂದುತ್ತಾರೆ, ನಂತರ ತಮ್ಮ ಸಹೋದರರಿಗೆ ನೆರವಾಗಿರಬಹುದು ಎಂದಿದೆ. ಬಿಡುಗಡೆಗೂ ಒಂದು ವ್ಯವಸ್ಥೆ ಇತ್ತು. ನಮ್ಮ ಸಭೆಗಳಲ್ಲಿ ಸಂಗೀತದವರು ಸೇವೆಯಿಂದ ಹೊರಗೆ ಬರಲು ಎರಡೇ ದಾರಿ ಉಳಿದಿವೆ: ಜಗಳವಾಡುವುದು, ಇಲ್ಲವೇ ಬೇರೆ ಊರಿಗೆ ಹೋಗುವುದು.

ಆರುತಂತಿಯವರೇ, ನಿಮ್ಮ ಪಾಸ್ಟರ್ ಬಳಿ "ಬಿಡುತ್ತೇನೆ" ಎಂದು ಹೋಗಬೇಡಿ. ಮುಂದಿನ ತಿಂಗಳಿಂದ ಈ ಇಂಥ ಭಾನುವಾರ ನಾನು ಹೆಂಡತಿ ಮಕ್ಕಳ ಜೊತೆ ಕೂರುತ್ತೇನೆ, ಆ ದಿನ ನಡೆಸಲು ಈ ಇಬ್ಬರನ್ನು ಈಗಿನಿಂದಲೇ ಕಲಿಸುತ್ತೇನೆ ಎಂದು ಹೆಸರು, ದಿನಾಂಕ ಸಮೇತ ಹೋಗಿ. ನಾವು ಪಾಸ್ಟರ್‌ಗಳು ಪಟ್ಟಿ ನೋಡಿದರೆ ಮೆತ್ತಗಾಗುತ್ತೇವೆ.

ಮೆಲುದನಿ:
ಪಾಸ್ಟರ್ ಅವರೇ, ಒಂದು ಸೇರಿಸಿ. ಆ ಪಟ್ಟಿಯನ್ನು ಪಾಸ್ಟರ್‌ಗೆ ತೋರಿಸುವ ಮೊದಲು ಹೆಂಡತಿಗೆ ತೋರಿಸಬೇಕು. ನಮ್ಮ ಮನೆಯಲ್ಲಿ ಅಭ್ಯಾಸದ ದಿನ ಬದಲಾಗಿದೆ ಎಂಬ ಸುದ್ದಿ ನನಗೆ ಡ್ರಮ್ಸ್ ನುಡಿಸುವವನಿಂದ ತಿಳಿಯುತ್ತಿತ್ತು.

ಒಂಟಿರಾಗ:
ನನ್ನ ಹೆಂಡತಿ ತೀರಿಕೊಂಡಿದ್ದಾರೆ. ಮಗನಿಗೆ ಐದು. ಇಲ್ಲಿ ಎಲ್ಲರೂ ಹೆಂಡತಿ ಪಕ್ಕದಲ್ಲಿದ್ದಾಳೆ ಎಂದುಕೊಂಡೇ ಬರೆಯುತ್ತಿದ್ದೀರಿ. ನಾನು ಬೇಸ್ ಗಿಟಾರ್ ನುಡಿಸುವಾಗ ಅವನು ನೋಟ್ಸ್ ಸ್ಟ್ಯಾಂಡಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಚಿತ್ರ ಬಿಡಿಸುತ್ತಾನೆ. ಶಿಸ್ತಿಲ್ಲ ಎಂದು ಒಬ್ಬರು ದೂರು ಕೊಟ್ಟರು. ಹಾಗಾದರೆ ಎರಡು ಹಾಡಿನವರೆಗೆ ನೀವೇ ನೋಡಿಕೊಳ್ಳಿ ಎಂದೆ. ಈಗ ಅವರ ಹೆಂಡತಿಯೇ ಪ್ರತಿ ವಾರ ಅವನನ್ನು ಕರೆದುಕೊಂಡು ಕೂರುತ್ತಾರೆ, ದೂರು ಕೊಟ್ಟವರು ಅವನಿಗೆ ಬಣ್ಣದ ಪೆನ್ಸಿಲ್ ತಂದುಕೊಡುತ್ತಾರೆ.

ಮೆಲುದನಿ:
ಒಂಟಿರಾಗ ಅವರೇ, ನಿಮ್ಮ ಮಾತು ಮೊದಲೇ ಬರಬೇಕಿತ್ತು. ವೇದಿಕೆಯ ಮೇಲಿರುವವರ ಮಕ್ಕಳನ್ನು ಸಭೆ ನೋಡಿಕೊಳ್ಳಲಿ. ಅವರ ಹಾಡಿನಿಂದ ಪ್ರಯೋಜನ ಪಡೆಯುವುದು ಸಭೆಯೇ ತಾನೇ?

ಸಿಶ್ರುತಿ:
ತಡವಾಗಿ ಬಂದೆ. ಮನೆಯ ಆರಾಧನೆಯ ಬಗ್ಗೆ ಯಾರೂ ಬರೆದಿಲ್ಲವಲ್ಲ! ಸಭೆಯಲ್ಲಿ ಹಾಡುವ ಎಷ್ಟೋ ಅಪ್ಪಂದಿರ ಮನೆಯಲ್ಲಿ ಹಾಡೇ ಇರುವುದಿಲ್ಲ, ಅಥವಾ ಇದ್ದರೂ ಅದು ಅಭ್ಯಾಸ. ಧರ್ಮೋಪದೇಶಕಾಂಡ 6:7 ಹೇಳುವುದು ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎಂದು. ಭಾನುವಾರ ಬೆಳಿಗ್ಗೆ ಎಂದಲ್ಲ.

ಇನ್ನೊಂದು ಸಣ್ಣ ತಾಂತ್ರಿಕ ಮಾತು. ಮನೆಯಲ್ಲಿ ಮಕ್ಕಳ ಜೊತೆ ಹಾಡುವಾಗ ನಿಮ್ಮ ಶ್ರುತಿ ಬಿಡಿ. ಗಂಡಸರು ತಮಗೆ ಹಿತವಾದ ಕಡೆ ಹಿಡಿದರೆ, ಅದೇ ಹಾಡು ಮಕ್ಕಳಿಗೆ ಒಂದೋ ಬಹಳ ಕೆಳಗೆ, ಇಲ್ಲವೇ ಒಂದು ಸ್ಥಾಯಿ ಮೇಲೆ ಹೋಗಿ ಕಿರುಚುವಷ್ಟು ಎತ್ತರ. ಚಿಕ್ಕ ಮಕ್ಕಳಿಗೆ ಪಿಯಾನೋದ ನಡುವಿನ ಸಿ ಸ್ವರದಿಂದ ಮೇಲಿನ ಒಂದು ಸ್ಥಾಯಿ ಸಾಕು. ಗಿಟಾರಿನ ಶ್ರುತಿ ಏರಿಸುವ ಕ್ಲಿಪ್ಪಾದ ಕೇಪೊ ಹಾಕಿ ಮಗುವಿನ ಶ್ರುತಿಗೆ ಬನ್ನಿ. ನಿಮಗೆ ಅನಾನುಕೂಲವಾಗುತ್ತದೆ, ಆಗಲಿ. ಮತ್ತು ತಿದ್ದಬೇಡಿ! ಮನೆಯಲ್ಲಿ ಹಾಡುವಾಗ ಅಪ್ಪ ಆರಾಧನಾ ನಾಯಕನಲ್ಲ.

ಪಾಸ್ಟರರಮಗ:
ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು.

ಆರುತಂತಿ:
ಎಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ. ಆನಾ ಮಗ್ಡಲೇನಾ ಭಾಗವನ್ನು ಎರಡು ಸಲ ಓದಿಸಿದಳು. ಮೂರನೇಚರಣ ಅವರ ಚೀಟಿನ ಸರದಿ ಅವಳಿಗೆ ಹಿಡಿಸಿತು, ಒಂದು ವರ್ಷ ಪೂರ್ತಿ ಬಿಡುವುದು ಬೇಡ ಎಂದಳು. ತಿಂಗಳ ಮೊದಲ ಮತ್ತು ಮೂರನೇ ಭಾನುವಾರ ನಾನು ಅವರ ಜೊತೆ ಕೂರುತ್ತೇನೆ. ಆ ದಿನ ಮಗನನ್ನು ಹೊರಗೆ ಕರೆದೊಯ್ಯುವವನು ನಾನೇ, ಇದು ಅವಳ ಷರತ್ತು. ನಮ್ಮ ತಂಡದಲ್ಲಿ ಎರಡನೇ ಧ್ವನಿ ಹಾಡುವ ಯುವತಿಯೊಬ್ಬಳಿದ್ದಾಳೆ, ಗಿಟಾರ್ ಬಾರದು, ಹಾಡು ನಡೆಸಬಲ್ಲಳು. ಕೀಬೋರ್ಡಿನವನನ್ನು ಜೊತೆಗೆ ಕೇಳಿದ್ದೇನೆ. ಪಟ್ಟಿ ಹಿಡಿದು ಬುಧವಾರ ಪಾಸ್ಟರ್ ಬಳಿ ಹೋಗುತ್ತೇನೆ.

ಮಗಳನ್ನೂ ಕೇಳಿದೆ, ತಂಡಕ್ಕೆ ಬರುತ್ತೀಯಾ ಎಂದು. "ಬೇಡ, ನನಗೆ ಧ್ವನಿ ನಿಯಂತ್ರಣದ ಮೇಜಿನಲ್ಲಿ ಗುಂಡಿ ತಿರುಗಿಸಬೇಕು" ಎಂದಳು.

ಕಿವಿಯಪರ:
ಕೊನೆಗೂ ಒಬ್ಬರಿಗೆ ಬುದ್ಧಿ ಬಂದಿದೆ. ಕಳುಹಿಸಿಕೊಡಿ. ಮೊದಲ ಪಾಠ: ಗಿಟಾರಿನ ಗುಂಡಿಯನ್ನು ಕೆಳಗೆ ಇಳಿಸುವುದು.

ತಾಳಬಿಡದವ:
ಎರಡನೇ ಪಾಠ ಕಲಿಸುವ ಅಗತ್ಯವಿಲ್ಲ.

ಕಹಳೆ:
ಬುಧವಾರದ ಮಾತುಕತೆಗೆ ಪ್ರಾರ್ಥಿಸುತ್ತೇನೆ. ಆ ಯುವತಿಗೆ ಮೊದಲ ವಾರ ಹಳೆಯ, ಎಲ್ಲರಿಗೂ ಬಾಯಿಪಾಠವಿರುವ ಹಾಡುಗಳನ್ನೇ ಕೊಡಿ. ಅವಳ ಧ್ವನಿ ನಡುಗಿದರೂ ಸಭೆ ಹಾಡನ್ನು ಎತ್ತಿಕೊಂಡು ಹೋಗುತ್ತದೆ.

ಸಿಶ್ರುತಿ:
ಮತ್ತು ಹಾಡುಗಳ ಶ್ರುತಿ ಅವಳಿಗೆ ಹೊಂದುವಂತೆ ಬದಲಿಸಿ ಕೊಡಿ, ನಿಮ್ಮ ಹಳೆಯ ಹಾಳೆಗಳನ್ನೇ ಕಳುಹಿಸಬೇಡಿ. ಗಂಡಸಿನ ಶ್ರುತಿಯಲ್ಲಿ ಹೊಸಬಳನ್ನು ನಿಲ್ಲಿಸಿ, ಅವಳಿಗೆ ಆಗುವುದಿಲ್ಲ ಎಂದು ತೀರ್ಮಾನಿಸುವುದನ್ನು ಬಹಳ ನೋಡಿದ್ದೇನೆ.